ಕಿವಿಯ ಮೆತ್ತೆಯೂ ಕೇಳುವ ದನಿಯೂ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಮಾತು ಬಿಟ್ಟು ಹೆಡ್‌ಫೋನಿನ ಮೆತ್ತೆಯ ಮಾತೇಕೆ ಎಂದು ಕಾರ್ಯದರ್ಶಿಗಳು ಕೇಳಿದರು. ಕೇಳಬೇಕಾದದ್ದೇ. ರಾತ್ರಿ ಪಾಳಿ ಮುಗಿಸಿ ವಿರಾರಿನ ಗಾಡಿ ಹತ್ತುವ ನಮ್ಮ ಹುಡುಗರನ್ನು ನೋಡಿ, ಹಲವರ ತಲೆಯ ಮೇಲೆ ಹೆಡ್‌ಫೋನು. ಕೇಳುವುದು ತಾಳಮದ್ದಳೆಯೋ ಸಿನೆಮಾ ಹಾಡೋ. ಅತ್ತ ಭಿವಂಡಿಯ ಮಗ್ಗದ ಶೆಡ್ಡುಗಳಲ್ಲಿ ಸದ್ದು ತಡೆಯಲು ಹಾಕುವ ಇಯರ್ ಮಫ್. ಒಂದು ದನಿಯನ್ನು ಒಳಗೆ ಕೊಡುವುದು, ಇನ್ನೊಂದು ಹೊರಗೆ ಇಡುವುದು. ಎರಡರ ಜೀವವೂ ಅಂಚಿನ ಮೆತ್ತೆಯಲ್ಲೇ ಇದೆ.

ಮೊದಲು ಹೆಡ್‌ಫೋನು. ಅದರೊಳಗೆ ಒಂದು ತೆಳ್ಳಗಿನ ಪರದೆ ಮುಂದೆ ಹಿಂದೆ ಅಲುಗಿ ಗಾಳಿಯನ್ನು ಒತ್ತುತ್ತದೆ. ಪರದೆಗೂ ಕಿವಿಗೂ ನಡುವೆ ಮೆತ್ತೆ ಕಟ್ಟಿದ ಸಣ್ಣ ಕೋಣೆ. ಆ ಕೋಣೆ ಭದ್ರವಾಗಿದ್ದರೆ ಒತ್ತಿದ ಗಾಳಿಯೆಲ್ಲ ಕಿವಿಯ ತಮಟೆಗೆ ಮುಟ್ಟುತ್ತದೆ. ಸಂದು ಬಿಟ್ಟರೆ? ಸೈಕಲ್ ಪಂಪಿನ ವಾಷರ್ ಸವೆದಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ನಿಧಾನವಾಗಿ ಒತ್ತಿದರೆ ಗಾಳಿ ಬದಿಯಿಂದ ಸೋರಿಹೋಗುತ್ತದೆ, ಚಕ್ಕನೆ ಒತ್ತಿದರೆ ಸೋರಲು ಸಮಯವಿಲ್ಲದೆ ಅಷ್ಟಿಷ್ಟು ಒಳಗೆ ಹೋಗುತ್ತದೆ. ದನಿಯೂ ಹಾಗೆಯೇ. ಸೆಕೆಂಡಿಗೆ ಐವತ್ತು, ನೂರು ಸಲ ಅಲುಗುವ ಮಂದ್ರದ ದನಿ ಸಂದಿನಲ್ಲಿ ಸೋರಿಹೋಗುತ್ತದೆ. ಸಾವಿರಗಟ್ಟಲೆ ಸಲ ಅಲುಗುವ ತಾರದ ದನಿಗೆ ಅಷ್ಟು ನಷ್ಟವಿಲ್ಲ. ಅದಕ್ಕೇ ಮೆತ್ತೆ ಹರಿದ ಹೆಡ್‌ಫೋನಿನಲ್ಲಿ ಚಂಡೆಯ ಚಟಚಟ ಕೇಳುತ್ತದೆ, ಮದ್ದಳೆಯ ಗುಂಭ ಮಾಯವಾಗುತ್ತದೆ. ಕನ್ನಡಕದ ಕಡ್ಡಿ ಅಡ್ಡ ಬಂದರೂ ಇದೇ ಕಥೆ.

ಇನ್ನು ಬದಲಿ ಮೆತ್ತೆ ಕೊಳ್ಳುವವರಿಗೆ ಒಂದೆರಡು ಮಾತು. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯವನು "ಎಲ್ಲ ಒಂದೇ" ಎನ್ನುತ್ತಾನೆ. ಒಂದೇ ಅಲ್ಲ. ರೆಕ್ಸಿನ್ ಮೆತ್ತೆ ಗಾಳಿ ಬಿಡುವುದಿಲ್ಲ, ಆದುದರಿಂದ ಮಂದ್ರ ತುಂಬಿ ಬರುತ್ತದೆ, ಹೊರಗಿನ ಗದ್ದಲವೂ ಕಡಿಮೆ, ಆದರೆ ಬೆವರು. ಮಖಮಲ್ಲಿನ ಮೆತ್ತೆ ತಂಪು, ಹಿತ. ಗಾಳಿ ನುಸುಳುವುದರಿಂದ ಮಂದ್ರ ಇಳಿಯುತ್ತದೆ, ಬಟ್ಟೆಯು ತಾರವನ್ನೂ ಸ್ವಲ್ಪ ಹೀರುತ್ತದೆ. ದಪ್ಪ ಮೆತ್ತೆ ಹಾಕಿದರೆ ಕಿವಿಯು ಪರದೆಯಿಂದ ದೂರ ಸರಿದು ದನಿಯ ಬಣ್ಣವೇ ಬೇರೆಯಾಗುತ್ತದೆ. ಚಪ್ಪಟೆಯಾದ ಹಳೆ ಮೆತ್ತೆಯಲ್ಲಿ ಕಿವಿ ಪರದೆಗೇ ತಾಗುತ್ತದೆ. ಅಳತೆ ಮತ್ತು ಬಟ್ಟೆ ಮೊದಲಿನಂತಿದ್ದರೆ ಮೊದಲಿನ ದನಿ ಬರುತ್ತದೆ, ಇಲ್ಲವಾದರೆ ಬೇರೆ ದನಿ, ಅಷ್ಟೆ. ಮುಂಬಯಿಯ ಸೆಕೆಗೆ ರೆಕ್ಸಿನ್ ಸಿಪ್ಪೆ ಏಳುವುದು ಸಹಜ; ತೇವಕ್ಕೆ ಆ ಪದರವೇ ಒಡೆಯುತ್ತದೆ. ಬೆವರು ಒರೆಸಿ ಇಟ್ಟರೆ ಬಾಳಿಕೆ ಹೆಚ್ಚು.

ರುಚಿಯ ಮಾತು ಇಷ್ಟೇ ಆಗಿದ್ದರೆ ನಿಮ್ಮ ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಮದ್ದಳೆ ಕೇಳದಾಗ, ಗಾಡಿಯ ಸದ್ದು ಒಳಗೆ ನುಗ್ಗಿದಾಗ ನಾವು ಏನು ಮಾಡುತ್ತೇವೆ? ದನಿ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ 80 ಡೆಸಿಬೆಲ್ಲಿನ ದನಿ ವಾರಕ್ಕೆ 40 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಹರಿದ ಮೆತ್ತೆಯ ಬೆಲೆಯನ್ನು ನಾವು ಕಿವಿಯಿಂದ ತೆರುತ್ತೇವೆ.

ಈಗ ಮಗ್ಗದ ಬಂಧುಗಳ ಮಾತಿಗೆ ಬರುತ್ತೇನೆ. 1982ರ ಮುಷ್ಕರದ ನಂತರ ಗಿರಣಗಾಂವದ ಗಿರಣಿಗಳು ಒಂದೊಂದಾಗಿ ಮುಚ್ಚಿದವು; ಸದ್ದು ಮಾತ್ರ ಮುಚ್ಚಲಿಲ್ಲ, ಪವರ್‌ಲೂಮಿನ ಶೆಡ್ಡುಗಳಲ್ಲಿ ಉಳಿಯಿತು. ಲಾಳಿ ಮಗ್ಗದ ಶೆಡ್ಡಿನಲ್ಲಿ 90 ಡೆಸಿಬೆಲ್ ದಾಟುವುದು ಸಾಮಾನ್ಯ. ಆ ಸದ್ದು ಮೊದಲು ತಿನ್ನುವುದು ತಾರವನ್ನು ಹಿಡಿಯುವ ಶಕ್ತಿಯನ್ನು, ಸೆಕೆಂಡಿಗೆ 4000ದ ಆಸುಪಾಸು. ಸ, ಶ, ತ ಮೊದಲಾದ ಅಕ್ಷರಗಳು ಮಸಕಾಗುತ್ತವೆ. ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಹೆಂಡತಿ ಏನೋ ಕೇಳುತ್ತಾಳೆ, ಈತ ಇನ್ನೇನೋ ಉತ್ತರ ಕೊಡುತ್ತಾನೆ, ಮನೆಯವರು ನಗುತ್ತಾರೆ. ಸತ್ತ ನರದ ಕೂದಲು ಮತ್ತೆ ಹುಟ್ಟುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲಿ ಈ ಕಿವುಡುತನವಿತ್ತು. 2020ರ ಹೊಸ ಸಂಹಿತೆಯ ಪಟ್ಟಿಯಲ್ಲೂ ಇದೆ.

ಇಯರ್ ಮಫ್ಫಿನ ಪೆಟ್ಟಿಗೆಯ ಮೇಲೆ ಇಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಬರೆದಿರುತ್ತದೆ. ಅದು ಹೊಸ ಮೆತ್ತೆಯ ಲೆಕ್ಕ. ಮೆತ್ತೆ ಗಟ್ಟಿಯಾಗಿ ಬಿರಿದ ಮೇಲೆ ಆ ಅಂಕಿ ಬರೇ ಕಾಗದದ್ದು. ಇನ್ನೊಂದು ಲೆಕ್ಕ ನೋಡಿ. 30 ಡೆಸಿಬೆಲ್ ತಡೆಯುವ ಮಫ್ಫನ್ನು ಎಂಟು ಗಂಟೆಯ ಪಾಳಿಯಲ್ಲಿ ಅರ್ಧ ಗಂಟೆ ಮಾತ್ರ ತೆಗೆದಿಟ್ಟರೆ ದಿನದ ಲಾಭ ಸುಮಾರು 12ಕ್ಕೆ ಇಳಿಯುತ್ತದೆ. ಸೆಕೆಗೆ, ನೋವಿಗೆ ಅಲ್ಲವೆ ನಾವು ತೆಗೆಯುವುದು? ಮೆತ್ತೆ ಮೃದುವಾಗಿದ್ದರೆ ಯಾರು ತೆಗೆಯುತ್ತಾರೆ? ಒಬ್ಬ ಮಾಲಿಕರು ನನಗೆ, "ಮೂರು ವರ್ಷದ ಹಿಂದೆಯೇ ಎಲ್ಲರಿಗೂ ಕೊಟ್ಟಿದ್ದೇನೆ" ಎಂದರು. ಕೊಟ್ಟದ್ದು ನಿಜ. ಆದರೆ ತಯಾರಕರೇ ವರ್ಷಕ್ಕೆ ಎರಡು ಸಲವಾದರೂ ಮೆತ್ತೆ ಬದಲಿಸಿ ಎನ್ನುತ್ತಾರೆ. ಮೆತ್ತೆಗಳು ಬಿಡಿಯಾಗಿಯೂ ಸಿಗುತ್ತವೆ. ಮಫ್ಫಿನ ಬದಲು ಹಾಡಿನ ಹೆಡ್‌ಫೋನು ಹಾಕಿ ಮಗ್ಗದ ಮುಂದೆ ನಿಲ್ಲುವ ತರುಣರಿಗೂ ಹೇಳುತ್ತೇನೆ: ಅದು ಸದ್ದಿನ ಮೇಲೆ ಸದ್ದು.

ಬೇಡಿಕೆ ಪತ್ರದಲ್ಲಿ ಒಂದು ಕಲಮು ಸೇರಿಸಲು ಸೂಚಿಸುತ್ತೇನೆ: ಆರು ತಿಂಗಳಿಗೊಮ್ಮೆ ಹೊಸ ಮೆತ್ತೆ, ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ, ಪರೀಕ್ಷೆಯ ಕಾಗದದ ಪ್ರತಿ ಕಾಮಗಾರನ ಕೈಗೆ. ಮುಂದಿನ ರವಿವಾರ ಶೆಡ್ಡಿನವರು ತಮ್ಮ ತಮ್ಮ ಮಫ್ಫುಗಳನ್ನು ತನ್ನಿ. ಬೆರಳಲ್ಲಿ ಒತ್ತಿ ನೋಡೋಣ. ಒತ್ತಿದ ಮೆತ್ತೆ ಮೇಲೇಳದಿದ್ದರೆ, ಬಿರುಕು ಕಂಡರೆ, ಹೆಸರು ಮತ್ತು ಶೆಡ್ಡಿನ ನಂಬರು ಬರೆದುಕೊಳ್ಳೋಣ. ಆ ಪಟ್ಟಿಯನ್ನು ಹಿಡಿದುಕೊಂಡೇ ಮಾಲಿಕರ ಬಳಿಗೆ ಹೋಗುವುದು.