ಸ್ವಿಚ್ಚಿನ ಮೇಲೆ ಯಾರ ಕೈ?



2015ರ ಡಿಸೆಂಬರ್ 23. ಯುಕ್ರೇನ್ ದೇಶದ ಪಶ್ಚಿಮ ಭಾಗದ ಒಂದು ವಿದ್ಯುತ್ ಕಂಪೆನಿ. ಕೆಲಸಗಾರ ಮುಟ್ಟದೆಯೇ ಗಣಕಯಂತ್ರದ ತೆರೆಯ ಮೇಲಿನ ಬಾಣ ತಾನೇ ಓಡಾಡಿ, ಒಂದಾದ ಮೇಲೊಂದು ಸ್ವಿಚ್ ಆಫ್ ಮಾಡಿತು. ಅಂದು ಮೂರು ಕಂಪೆನಿಗಳ ಸುಮಾರು 2,25,000 ಗ್ರಾಹಕರಿಗೆ ಕತ್ತಲೆ. ಕಳ್ಳರು ಬಾಗಿಲು ಒಡೆದಿರಲಿಲ್ಲ. ತಿಂಗಳುಗಳ ಮೊದಲೇ ಮೋಸದ ಇ-ಮೇಲ್ ಕಳಿಸಿ, ನೌಕರರ ಪಾಸ್‌ವರ್ಡ್ ಕದ್ದು, ಒಳಗೆ ಹೊಕ್ಕು ಕುಳಿತಿದ್ದರು.

ಅಂಗಡಿಯ ಖಿರ್ದಿ ಪುಸ್ತಕದ ಹಾಗೆ ಇಂಥ ಯಂತ್ರಗಳೂ ತಮಗೆ ಬಂದ ಆಜ್ಞೆಗಳನ್ನು ದಾಖಲಿಸಿಡುತ್ತವೆ. ಅಷ್ಟನ್ನೂ ಓದಲು ಮನುಷ್ಯನ ಕಣ್ಣು ಸಾಲದು. ಈಗ ಭಾಷಾ ಮಾದರಿ ಎಂಬ ಗಣಕ ಸಾಧನವನ್ನು ಈ ಓದಿಗೆ ಹಚ್ಚುವ ಪ್ರಯತ್ನ ನಡೆದಿದೆ. ವಾಕ್ಯದ ಮುಂದಿನ ಪದವನ್ನು ಊಹಿಸುವಂತೆ ಅದು ಮುಂದಿನ ಆಜ್ಞೆಯನ್ನು ಊಹಿಸುತ್ತದೆ. ಊಹೆಗೆ ಮೀರಿದ್ದು ಬಂದರೆ ಎಚ್ಚರಿಸುತ್ತದೆ. ಒಳ್ಳೆಯದೇ. ಆದರೆ ಅದೂ ತಪ್ಪುತ್ತದೆ. ಕಳ್ಳನಿಲ್ಲದಾಗ ಕೂಗುತ್ತದೆ, ಇದ್ದಾಗ ಸುಮ್ಮನಿರುವುದೂ ಉಂಟು.

ಅಂದು ದೀಪ ಹೊತ್ತಿಸಿದವರು ಯಾರು? ಉಪಕೇಂದ್ರಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿದ ಕೆಲಸಗಾರರು. ಕೆಲವು ಗಂಟೆಗಳಲ್ಲಿ ಬೆಳಕು ಬಂತು.

ಕಾವಲಿಗೆ ಯಂತ್ರ ಬರಲಿ. ಅದರ ನೆಪದಲ್ಲಿ ಕೈಕೆಲಸ ಬಲ್ಲವನನ್ನು ಮನೆಗೆ ಕಳಿಸಬಾರದು. ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಅಂಗಡಿ ಮುಚ್ಚುತ್ತದೆ, ನಷ್ಟ ನಮ್ಮದೇ.