ಮುಹೂರ್ತವಿಲ್ಲದ ದಿನಗಳ ಆಟ

ಬೆಳಗಿನ ಜಾವ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ ಪೂಜೆಗೆ ಹೂವು ತರುವುದು ನನ್ನ ಹಳೆಯ ಅಭ್ಯಾಸ. ಚಾಮರಾಜಪೇಟೆಯ ನಮ್ಮ ಮನೆಯಿಂದ ಅದು ಕಾಲ್ನಡಿಗೆಯ ದೂರ. ಕಾಲೇಜಿನ ಗಂಟೆಯ ಹಂಗು ತಪ್ಪಿ ಕೆಲವು ವರ್ಷಗಳಾದರೂ ಈ ನಡಿಗೆ ತಪ್ಪಿಲ್ಲ. ಕಳೆದ ಮಾಘಮಾಸದಲ್ಲಿ ಒಂದು ದಿನ, ನಮಗೆ ವಾಡಿಕೆಯಾಗಿ ಹೂವು ಕೊಡುವಾಕೆ, "ಇವತ್ತು ಮುಹೂರ್ತ ಜೋರು ಮೇಷ್ಟ್ರೇ. ಮಲ್ಲಿಗೆಯೆಲ್ಲ ಛತ್ರಗಳಿಗೇ ಹೋಯ್ತು. ಎರಡು ಮೊಳ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. ಆ ಮಾತಿನಿಂದ ನನಗೆ ನೆನಪಾದದ್ದು ಯಾವ ಮದುವೆಯೂ ಅಲ್ಲ. ಮದುವೆಗಳಿಗಾಗಿ ಆಟ ಬಿಟ್ಟುಕೊಡಬೇಕಾಗಿದ್ದ ಒಬ್ಬ ಹುಡುಗ.

ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಸ್ಥೆಯಿದೆ. ಅರವತ್ತರ ದಶಕದಲ್ಲಿ ಅದರ ಸಭಾಂಗಣವೇ ಮದುವೆಯ ಮಂಟಪ, ಅದೇ ಬ್ಯಾಡ್ಮಿಂಟನ್ ಅಂಗಣ. ಶಾಲೆ ಬಿಟ್ಟೊಡನೆ ಹುಡುಗನೊಬ್ಬ ಅಲ್ಲಿಗೆ ಓಡಿಬರುತ್ತಿದ್ದ. ಒಳಗೆ ಸಮಾರಂಭವಿದ್ದರೆ ಆ ದಿನ ಆಟವಿಲ್ಲ. ಇಲ್ಲದಿದ್ದರೆ ಮನದಣಿಯೆ ಆಡಬಹುದು. ಊರಿಗೆಲ್ಲ ಶುಭವಾದ ಮುಹೂರ್ತ ಆ ಹುಡುಗನ ಪಾಲಿಗೆ ಅನಧ್ಯಯನ. ಅಲ್ಲಿನ ಚಪ್ಪರಕ್ಕೆ ನಮ್ಮ ಈ ಮಾರುಕಟ್ಟೆಯಿಂದಲೂ ಹಾರಗಳು ಹೋಗಿದ್ದಿರಬೇಕು.

ಆ ಹುಡುಗನೇ ಪ್ರಕಾಶ್ ಪಡುಕೋಣೆ. ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಹೆಸರು ಕುಂದಾಪುರದ ಬಳಿಯ ಪಡುಕೋಣೆ ಗ್ರಾಮದ್ದು. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳಾಗಿ ದುಡಿದವರು. 1962ರಲ್ಲಿ ರಾಜ್ಯದ ಕಿರಿಯರ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತ ಈ ಬಾಲಕ ಎರಡು ವರ್ಷಗಳ ತರುವಾಯ ಅದೇ ಪಟ್ಟವನ್ನು ಗೆದ್ದ. ಹದಿಹರೆಯದಲ್ಲೇ ರಾಷ್ಟ್ರೀಯ ಚಾಂಪಿಯನ್ ಆಗಿ, ಸತತವಾಗಿ ಒಂಬತ್ತು ಬಾರಿ ಆ ಸ್ಥಾನವನ್ನು ಉಳಿಸಿಕೊಂಡರು. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನವೂ ಬಂದಿತು.

ಇನ್ನು 1980ರ ಮಾರ್ಚ್ ತಿಂಗಳು. ಕೇಳುಗರಲ್ಲಿ ಹಿರಿಯರಾದವರಿಗೆ ಆ ದಿನಗಳು ನೆನಪಿರಬಹುದು. ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿಯ ಅಂತಿಮ ಸ್ಪರ್ಧೆ. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್; ಹಿಂದಿನ ಎರಡು ವರ್ಷವೂ ಗೆದ್ದಿದ್ದವರು, ಮೇಲಕ್ಕೆ ನೆಗೆದು ಹೊಡೆಯುವ ಹೊಡೆತಕ್ಕೆ ಹೆಸರಾದವರು. ಪ್ರಕಾಶರು ಬಲಕ್ಕೆ ಬಲವನ್ನು ಒಡ್ಡಲಿಲ್ಲ. ಆಟದ ವೇಗವನ್ನು ತಗ್ಗಿಸಿ, ಎದುರಾಳಿ ಹಿಂದಕ್ಕೆ ಸರಿದಾಗ ಬಲೆಯ ಅಂಚಿನಲ್ಲೇ ಶಟಲನ್ನು ಮೆಲ್ಲನೆ ಇಳಿಸಿದರು. 15-3, 15-10. ಆ ಪಟ್ಟವನ್ನು ಭಾರತೀಯರೊಬ್ಬರು ಗೆದ್ದದ್ದು ಅದೇ ಮೊದಲು.

ಆಗ ನಾನು ಕನ್ನಡ ಓದುತ್ತಿದ್ದ ವಿದ್ಯಾರ್ಥಿ. ಮಾರುಕಟ್ಟೆಯ ಬಳಿ ಪತ್ರಿಕೆ ಮಾರುವವನ ಸುತ್ತ ಜನ ನೆರೆದಿದ್ದರು. ನಮ್ಮ ಕಡೆ ಬ್ಯಾಡ್ಮಿಂಟನ್ ಎಂದರೆ ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಎಂದೇ ಹಲವರ ತಿಳಿವಳಿಕೆ. "ಗರಿ ಹಾರಿಸುವುದಕ್ಕೆ ಇಷ್ಟು ಸಂಭ್ರಮವೆ?" ಎಂದು ನಾನು ಗೆಳೆಯನೊಡನೆ ನಕ್ಕೆ. ಸಾಹಿತ್ಯ ಓದಿದವನ ಅಹಂಕಾರ ಅದು. ಆ ನಗೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಲ್ಲಿಂದಾಚೆಗೆ ಅವರು ಡೆನ್ಮಾರ್ಕಿಗೆ ಹೋಗಿ ನೆಲೆಸಿ ಆಡಿದ್ದು, 1983ರಲ್ಲಿ ಕೋಪನ್‌ಹೇಗನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಪಡೆದದ್ದು, 1991ರಲ್ಲಿ ಸ್ಪರ್ಧೆಯಿಂದ ನಿವೃತ್ತರಾದದ್ದು ಬಲ್ಲವರಿಗೆ ತಿಳಿದೇ ಇದೆ. ನನ್ನನ್ನು ಹೆಚ್ಚು ಸೆಳೆಯುವುದು ಆ ನಂತರದ ಬಾಳು. ಗೆದ್ದವನಿಗೆ ಗೆಲುವು ಮುಗಿದ ಮೇಲೆ ಉಳಿಯುವ ಕೆಲಸವೇನು? ಹಲವರು ಹಳೆಯ ಹಾರಗಳ ನೆನಪಿನಲ್ಲೇ ಕಾಲ ಕಳೆಯುತ್ತಾರೆ. ಇವರು 1994ರಲ್ಲಿ ವಿಮಲ್ ಕುಮಾರ್ ಮೊದಲಾದವರೊಡಗೂಡಿ ಬೆಂಗಳೂರಿನಲ್ಲಿ ತರಬೇತಿ ಶಾಲೆ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಪಟ್ಟವನ್ನು ಗೆದ್ದರು. ಅದೇ ವರ್ಷ ಪ್ರಕಾಶರು ಬಿಲಿಯರ್ಡ್ಸ್ ಆಟಗಾರ ಗೀತ್ ಸೇಠಿಯವರೊಡನೆ ಸೇರಿ, ಒಲಿಂಪಿಕ್ಸ್‌ಗೆ ಸಿದ್ಧರಾಗುವವರಿಗೆ ನೆರವಾಗುವ ಸಂಸ್ಥೆಯೊಂದನ್ನು ಕಟ್ಟಿದರು. ತಮಗೆ ದೊರೆಯದಿದ್ದ ಅಂಗಣವನ್ನು ಪರರ ಮಕ್ಕಳಿಗಾಗಿ ಒದಗಿಸಿದರು.

ಹೀಗೆ ಒದಗಿಸಿದವರಿಗೆ ಕೇಳುವ ಹಕ್ಕೂ ಇರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವರ ಶಾಲೆಯಲ್ಲಿ ಬೆಳೆದ ಲಕ್ಷ್ಯ ಸೇನ್ ಕಂಚಿನ ಪದಕದ ಪಂದ್ಯದಲ್ಲಿ ಮೊದಲ ಆಟವನ್ನು 21-13ರಿಂದ ಗೆದ್ದು, ಮಲೇಷ್ಯಾದ ಲೀ ಜೀ ಜಿಯಾಗೆ ಉಳಿದೆರಡನ್ನು ಬಿಟ್ಟುಕೊಟ್ಟರು. ಅಂಗಣದ ಬದಿಯಲ್ಲಿ ಗುರುವಾಗಿ ಕುಳಿತಿದ್ದ ಪ್ರಕಾಶರು, ಸರ್ಕಾರವೂ ಸಂಸ್ಥೆಗಳೂ ಮಾಡಬೇಕಾದ್ದನ್ನು ಮಾಡಿವೆ, ಇನ್ನು ಆಟಗಾರರೂ ಹೊಣೆ ಹೊರಬೇಕು ಎಂದು ಬಹಿರಂಗವಾಗಿಯೇ ಹೇಳಿದರು. ಸೋತು ನೊಂದವನ ಮುಂದೆ ಆಡುವ ಮಾತೇ ಇದು ಎಂದು ಆಕ್ಷೇಪಿಸಿದವರುಂಟು. ಮೊದಲು ನನಗೂ ಹಾಗೆಯೇ ಅನ್ನಿಸಿತು.

ಆದರೆ ನನ್ನದೇ ಒಂದು ತಪ್ಪು ನೆನಪಾಯಿತು. ಹಿಂದೆ ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ತನ್ನ ಕವಿತೆಗಳನ್ನು ತಂದು ತೋರಿಸುತ್ತಿದ್ದ. ಅವುಗಳ ದೋಷಗಳನ್ನು ಬಲ್ಲೆ. ಮನಸ್ಸು ನೋಯಿಸಬಾರದೆಂದು "ಚೆನ್ನಾಗಿದೆ" ಎನ್ನುತ್ತ ಬಂದೆ. ಬಹಳ ಕಾಲದ ಮೇಲೆ ಸಿಕ್ಕಾಗ ಅವನು, "ಆಗಲೇ ತಿದ್ದಬಹುದಿತ್ತಲ್ಲ ಸಾರ್" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಆದ್ದರಿಂದಲೇ ಅದು ನಾಟಿತು. ನನ್ನ ಮೃದುತ್ವದಲ್ಲಿ ಅವನ ಹಿತಕ್ಕಿಂತ ನನ್ನ ಒಳ್ಳೆಯತನದ ಕಾಳಜಿಯೇ ಹೆಚ್ಚಾಗಿತ್ತು. ಮುಹೂರ್ತವಿಲ್ಲದ ದಿನಗಳನ್ನಷ್ಟೇ ನೆಚ್ಚಿ ಆಟ ಕಲಿತವರು, ಎಲ್ಲವೂ ಒದಗಿರುವ ಮಕ್ಕಳಿಗೆ "ಇನ್ನು ಹೊಣೆ ನಿಮ್ಮದು" ಎಂದರೆ ಅದನ್ನು ನಿಷ್ಠುರವೆನ್ನುವುದು ಹೇಗೆ? ಶಿಷ್ಯನ ಶಕ್ತಿಯಲ್ಲಿ ನಂಬಿಕೆಯಿರುವ ಗುರುವಿನ ಮಾತು ಅದು.

ಹೆಣ್ಣುಮಕ್ಕಳಿಗೆ ಅವರು ಬರೆದ ಪತ್ರವೊಂದನ್ನು ಹಿರಿಯ ಮಗಳು, ಚಿತ್ರನಟಿ ದೀಪಿಕಾ, 2016ರಲ್ಲಿ ಪ್ರಶಸ್ತಿ ಸಮಾರಂಭವೊಂದರ ವೇದಿಕೆಯ ಮೇಲೆ ಓದಿದ್ದರು. ಕೆನರಾ ಯೂನಿಯನ್ನಿನ ಆ ಮದುವೆಯ ಮಂಟಪದ ಪ್ರಸ್ತಾಪ ಅದರಲ್ಲಿದೆ. ಅನುಕೂಲವಿರಲಿಲ್ಲವೆಂಬ ಗೊಣಗಾಟ ಮಾತ್ರ ಅಲ್ಲಿಲ್ಲ.

ಎರಡು ಮೊಳ ಮಲ್ಲಿಗೆ ಹಿಡಿದು ಮನೆಯ ದಾರಿ ಹಿಡಿದಾಗ ಬೆಳಕು ಹರಿದಿತ್ತು. ಊರಿನ ಛತ್ರಗಳಲ್ಲೆಲ್ಲ ಆಗಲೇ ವಾಲಗ ಮೊದಲಾಗಿರಬೇಕು. ಯಲಹಂಕದ ಕಡೆ ಪ್ರಕಾಶರ ಶಾಲೆ ಈಗಿರುವ ಅಂಗಣದಲ್ಲಿ, ಆ ಮುಹೂರ್ತದ ದಿನವೂ ಮಕ್ಕಳ ಆಟಕ್ಕೆ ಅಡ್ಡಿಯಿರಲಿಲ್ಲ.