ಹಬ್ಬದ ಅಡಿಗೆಯೂ ಖಾನಾವಳಿಯ ಊಟವೂ



ಊಟದ ವಿಚಾರವಾಗಿ ಮಾತನಾಡುವವರು ಸಾಮಾನ್ಯವಾಗಿ ಉಂಡವರ ಪಕ್ಷವನ್ನು ವಹಿಸಿ ಮಾತನಾಡುವರು. ಯಾವ ಊರಿನಲ್ಲಿ ಯಾವ ರುಚಿ, ಯಾವ ಹಬ್ಬಕ್ಕೆ ಯಾವ ಭಕ್ಷ್ಯ ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಬಡಿಸಿದವರು ಯಾವಾಗ ಉಂಡರು, ಅವರ ಪಾಲಿಗೆ ಬಂದದ್ದು ಬಿಸಿಯಾಗಿದ್ದಿತೋ ಆರಿದ್ದಿತೋ ಎಂದು ಕೇಳುವವರು ವಿರಳ. ಈ ಹೊತ್ತು ನಾವು ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಉತ್ತರ ಕರ್ಣಾಟಕದ ಹಬ್ಬದ ಅಡಿಗೆಯನ್ನೂ ಅಲ್ಲಿಯ ಖಾನಾವಳಿಗಳನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು.

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಯಾವಗಲ್ ಎಂಬ ಊರುಂಟು. ರೋಣ ನರಗುಂದಗಳ ಸೀಮೆ ಬಹುಮಟ್ಟಿಗೆ ಎರೆಯ ನೆಲ. ಹಿಂಗಾರಿಯಲ್ಲಿ ಬಿಳಿಯ ಜೋಳ, ಕಡಲೆ, ಕುಸುಬೆಗಳು ಅಲ್ಲಿ ಬೆಳೆಯುವುವು. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದಿತು; ಗದಗು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಡಳಿತ ಎಷ್ಟು ಸಲ ಬದಲಾದರೂ ಇಲ್ಲಿಯ ತಟ್ಟೆಯಲ್ಲಿ ಜೋಳದ ರೊಟ್ಟಿಯ ದೊರೆತನ ಬದಲಾಗಲಿಲ್ಲ.

ಆ ರೊಟ್ಟಿಯ ಸ್ವಭಾವವನ್ನು ಮೊದಲು ತಿಳಿಯಬೇಕು. ಗೋಧಿಯ ಹಿಟ್ಟಿನಲ್ಲಿ ಒಂದು ವಿಧವಾದ ಜಿಗುಟುಂಟು. ಅದರಿಂದಲೇ ಚಪಾತಿಯನ್ನು ಹರಿಯದಂತೆ ಲಟ್ಟಿಸಬಹುದು. ಜೋಳದಲ್ಲಿ ಆ ಜಿಗುಟಿಲ್ಲ. ಆದಕಾರಣ ಕುದಿಯುವ ಎಸರನ್ನು ಹಿಟ್ಟಿಗೆ ಹೊಯ್ದು, ಅದನ್ನು ಅಷ್ಟಿಷ್ಟು ಬೇಯಿಸಿದಂತೆ ಮಾಡಿ, ಬಿಸಿ ಆರುವುದಕ್ಕೆ ಮುಂಚೆ ನಾದಿ, ಅಂಗೈಯಿಂದ ಬಡಿದು ಅಗಲಮಾಡಬೇಕು. ಹಂಚಿಗೆ ಹಾಕಿದ ಮೇಲೆ ನೀರು ಸವರಬೇಕು, ತಿರುವಬೇಕು, ಉಬ್ಬಿಸಬೇಕು. ಒಂದು ಹಂಚಿನ ಮೇಲೆ ಒಂದೇ ರೊಟ್ಟಿ. ಅದರ ಸವಿ ಇರುವುದೋ ಒಲೆಯಿಂದ ತಟ್ಟೆಗೆ ಬೀಳುವ ಆ ಗಳಿಗೆಯಲ್ಲಿ. ಹೀಗಿರುವಾಗ ಮನೆಮಂದಿಯೆಲ್ಲ ಬಿಸಿರೊಟ್ಟಿ ಉಣ್ಣಬೇಕಾದರೆ ಒಬ್ಬಾಕೆ ಒಲೆಯ ಮುಂದಿನಿಂದ ಏಳಕೂಡದು. ಎಲ್ಲರೂ ಎದ್ದ ಮೇಲೆ ಆಕೆ ಉಣ್ಣತಕ್ಕದ್ದು. ಇದನ್ನು ಹಿರಿಯರು ಗೃಹಿಣೀಧರ್ಮವೆಂದು ಕೊಂಡಾಡಿರುವರು. ನಮ್ಮ ದೃಷ್ಟಿಯಲ್ಲಿ ಇದಕ್ಕೆ ಕಾರಣ ಅರ್ಧ ಹಂಚು, ಉಳಿದರ್ಧ ಕೊಂಡಾಡುವವರ ಅನುಕೂಲ.

ಆದರೆ ಅದೇ ಸೀಮೆಯ ಹಬ್ಬಗಳನ್ನು ಸ್ವಲ್ಪ ಎಚ್ಚರದಿಂದ ನೋಡಿದರೆ ಒಂದು ಸೋಜಿಗ ಕಾಣುವುದು. ಶ್ರಾವಣದ ನಾಗರಪಂಚಮಿಯನ್ನು ತೆಗೆದುಕೊಳ್ಳಿರಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬವದು. ಅನೇಕ ಮನೆಗಳಲ್ಲಿ ಆ ದಿವಸ ಒಲೆಯ ಮೇಲೆ ಹಂಚಿಡುವ ಪದ್ಧತಿಯಿಲ್ಲ. ಆದುದರಿಂದ ಮುನ್ನಾ ದಿನವೇ ರೊಟ್ಟಿಯ ಹಬ್ಬ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಹಪ್ಪಳದಷ್ಟು ತೆಳ್ಳಗಿನ ಜೋಳದ ಕಟಕ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ, ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ, ಇವುಗಳೆಲ್ಲ ಮನೆಯಿಂದ ಮನೆಗೆ ಹೋಗುವುವು. ಆ ಮನೆಯವು ಈ ಮನೆಗೆ ಬರುವುವು. ಮರುದಿನ ಹಂಚಿಲ್ಲ, ಆದಕಾರಣ ಹಂಚಿನ ಮುಂದೆ ಕೂರುವವರೂ ಇಲ್ಲ. ಅತ್ತೆಸೊಸೆಯರು, ಹೆಣ್ಣುಮಕ್ಕಳು ಜೋಕಾಲಿಯ ಬಳಿ ಇರುವರು. ಹಾವಿನ ಭಯಭಕ್ತಿಗಳಿಂದ ಹುಟ್ಟಿದ ನಿಯಮವಾದರೂ ಹೆಂಗಸರಿಗೆ ಅದರಿಂದ ದೊರೆತ ಬಿಡುವು ಸಣ್ಣದಲ್ಲ.

ಪಂಚಮಿಯ ಸಿಹಿ ಎಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು, ರವೆಯ ಉಂಡಿ, ಬುಂದೆಯ ಉಂಡಿ; ಹೆಸರು ಹೇಳುತ್ತ ಹೋದರೆ ನಮಗೆ ಕೊಟ್ಟಿರುವ ಸಮಯ ಅಲ್ಲಿಯೇ ಮುಗಿದೀತು. ಇವುಗಳಲ್ಲಿ ಬೆಲ್ಲದ ಪಾಕದಿಂದ ಕಟ್ಟುವ ಉಂಡಿಗಳದು ಒಂದು ವಿಶೇಷ ಗುಣ. ಪಾಕದ ಹನಿಯನ್ನು ತಣ್ಣೀರಿನಲ್ಲಿ ಬಿಟ್ಟರೆ ಅದು ಕರಗದೆ ಬೆರಳಿಗೆ ಗುಂಡಗೆ ಸಿಕ್ಕಬೇಕು. ಅದಕ್ಕೆ ಮುಂಚೆ ಇಳಿಸಿದರೆ ಉಂಡಿ ನಿಲ್ಲದು, ತಡಮಾಡಿ ಇಳಿಸಿದರೆ ಹಲ್ಲು ನಿಲ್ಲದು. ಶೇಂಗಾ ಬೆರೆಸಿದೊಡನೆ, ಕೈ ಸುಡುವಂತಿರುವಾಗಲೇ, ಕಟ್ಟಿ ಮುಗಿಸಬೇಕು. ಆರಿದರೆ ಪರಾತದ ತುಂಬ ಒಂದೇ ಹಂಟೆ. ಎರಡು ಸೇರಿನ ಉಂಡಿಯನ್ನು ಒಬ್ಬಾಕೆಯೇ ಕಟ್ಟುವುದು ಅಸಾಧ್ಯವೆಂದೇ ಹೇಳಬೇಕು. ಅಜ್ಜಿ, ಸೊಸೆ, ಮೊಮ್ಮಕ್ಕಳು, ಅಕಸ್ಮಾತ್ತಾಗಿ ಒಳಗೆ ಬಂದ ಗಂಡಸರು, ಎಲ್ಲರೂ ಅಂಗೈಗೆ ತುಪ್ಪವನ್ನೋ ನೀರನ್ನೋ ಸವರಿಕೊಂಡು ಪರಾತದ ಸುತ್ತ ಕೂರಲೇಬೇಕು. ಮನೆಯ ಸಿಹಿ ಮನೆಮಂದಿಯನ್ನು ಕೂಡಿಸುತ್ತದೆ ಎಂಬುದನ್ನು ಕೆಲವರು ಅಲಂಕಾರದ ಮಾತೆಂದು ತಿಳಿಯುವರು. ಅದು ಪಾಕದ ಗುಣ. ಧಾರವಾಡದ ಪೇಡೆ, ಗೋಕಾಕ ಅಮೀನಗಡಗಳ ಕರದಂಟು ಅಂಗಡಿಯಲ್ಲಿಯೇ ಚೆನ್ನ. ಅವನ್ನು ಕೊಂಡು ತರುವುದರಲ್ಲಿ ಕುಂದೇನೂ ಇಲ್ಲ.

ಇನ್ನು ಎಳ್ಳಮಾವಾಸ್ಯೆಯ ಚರಗ. ಮೈಸೂರು ಸೀಮೆಯ ಶ್ರೋತೃಗಳಲ್ಲಿ ಅನೇಕರಿಗೆ ಈ ಮಾತು ಹೊಸದಿರಬಹುದು. ಮಾರ್ಗಶಿರದ ಅಮಾವಾಸ್ಯೆಯ ವೇಳೆಗೆ ಎರೆಯ ಹೊಲದಲ್ಲಿ ಹಿಂಗಾರಿ ಜೋಳ ನಿಂತಿರುವುದು. ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಹಿಂದೆ ಎತ್ತಿನ ಬಂಡಿಯೇ ವಾಹನ. ಈಗ ಟ್ರಾಕ್ಟರೂ ಉಂಟು. ಬನ್ನಿಯ ಗಿಡದ ಬುಡದಲ್ಲೋ ಹೊಲದ ನಡುವೆಯೋ ಐದು ಕಲ್ಲುಗಳನ್ನಿಟ್ಟು, ಪಾಂಡವರೆಂದು ಭಾವಿಸಿ ಪೂಜಿಸುವರು. ತರುವಾಯ ತಂದ ಅಡಿಗೆಯಲ್ಲಿ ಸ್ವಲ್ಪ ಸ್ವಲ್ಪವನ್ನು ಕಲಸಿ ಹೊಲದ ಸುತ್ತ ಚೆಲ್ಲುವರು. ಒಬ್ಬರು ಚೆಲ್ಲುತ್ತ ಕೂಗಿದರೆ ಹಿಂದಿನವರು ನೀರು ಚಿಮುಕಿಸುತ್ತ ಬರುವರು. ಆ ಕೂಗಿಗೆ ಊರಿಗೊಂದು ಪಾಠವುಂಟು. ಭೂಮಿತಾಯಿಗೆ ನೈವೇದ್ಯ, ಹಕ್ಕಿಗೂ ಹುಳುವಿಗೂ ಊಟ. ಸೀಗಿ ಹುಣ್ಣಿಮೆಗೂ ಹೀಗೆಯೇ ಚರಗ ಚೆಲ್ಲುವುದುಂಟು.

ನಾವು ಒತ್ತಿ ಹೇಳಬೇಕೆಂದಿರುವುದು ಬುತ್ತಿಯ ವಿಷಯ. ಕಟಕ ರೊಟ್ಟಿ ನೀರಿನಂಶ ಆರಿಹೋದದ್ದು, ವಾರಗಟ್ಟಲೆ ಕೆಡದು. ಬೇಳೆಯ ಹೂರಣದ ಹೋಳಿಗೆ ಎರಡು ದಿನಕ್ಕೆ ಹಳಸೀತು. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಗಳ ಹೂರಣ ಹುರಿದ ಪುಡಿಗೆ ಬೆಲ್ಲ ಸೇರಿಸಿದ್ದು, ಆದಕಾರಣ ಬಹುದಿನ ಬಾಳುವುದು. (ಶೇಂಗಾ ಅಮೆರಿಕಾ ಖಂಡದಿಂದ ಬಂದ ಬೆಳೆ, ಅನಾದಿಯೆಂದು ನಾವು ಬಗೆಯುವ ಈ ಹೋಳಿಗೆಗೆ ಕೆಲವು ಶತಮಾನಕ್ಕಿಂತ ಹೆಚ್ಚು ವಯಸ್ಸಾಗಿರಲಾರದು.) ಪುಂಡಿಯ ಪಲ್ಯ, ಜುಣಕದ ವಡಿ, ಮೊಸರನ್ನ, ಕಡಬು, ಒಂದಾದರೂ ಹೊಲದಲ್ಲಿ ಒಲೆ ಹೂಡಬೇಕಾದ ಪದಾರ್ಥವಲ್ಲ. ನಾಲ್ಕು ದಿನ ಮುಂಚಿನಿಂದ ಆಕೆಯ ಕೈಗೆ ಬಿಡುವಿಲ್ಲ ನಿಜ. ಆದರೆ ಉಣ್ಣುವ ಹೊತ್ತಿಗೆ ಅಡಿಗೆ ಮಾಡಿದಾಕೆಯೂ ಎಲ್ಲರ ಸಂಗಡ ಅದೇ ಕಂಬಳಿಯ ಮೇಲೆ ಕುಳಿತಿರುವಳು. ವರ್ಷದ ಉಳಿದ ದಿವಸಗಳಲ್ಲಿ ಎಷ್ಟು ಮನೆಗಳಲ್ಲಿ ಇದು ಸಾಧ್ಯ, ಶ್ರೋತೃಗಳೇ ಲೆಕ್ಕ ಹಾಕಬೇಕು.

ಈಗ ಖಾನಾವಳಿಯ ಮಾತು. ದಕ್ಷಿಣದವರು ಊಟದ ಹೋಟೆಲೆಂದು ಕರೆಯುವುದನ್ನು ಅಲ್ಲಿ ಖಾನಾವಳಿ ಎನ್ನುವರು. ಪದ ಮರಾಠಿಯಿಂದ ಬಂದದ್ದು. ಸಂತೆಗೆ, ಕಚೇರಿಯ ಕೆಲಸಕ್ಕೆ, ಓದಿಗೆ ಊರು ಬಿಟ್ಟು ಬಂದ ಗಂಡಸರಿಗಾಗಿ ಇವು ಬೆಳೆದುವು. ತಿಂಗಳ ಲೆಕ್ಕದಲ್ಲಿ ಉಣ್ಣುವವರೂ ಇದ್ದರು. ಮನೆಯ ಹೆಂಗಸರು ಅಲ್ಲಿ ಕುಳಿತು ಉಣ್ಣುವುದು ಬಹು ಕಾಲ ಅಪರೂಪವಾಗಿದ್ದಿತು. ಈಗ ಭಾನುವಾರ ಸಂಸಾರ ಸಮೇತರಾಗಿ ಬರುವವರನ್ನು ಗದಗು ಹುಬ್ಬಳ್ಳಿಗಳಲ್ಲಿ ಯಥೇಷ್ಟವಾಗಿ ಕಾಣಬಹುದು. ಇದನ್ನು ನೋಡಿ, ಮನೆಯೊಲೆ ಆರಿತು, ಸಂಸ್ಕೃತಿ ಕೆಟ್ಟಿತು ಎಂದು ಹಳಿಯುವವರುಂಟು. ಹಳಿಯುವವರಲ್ಲಿ ರೊಟ್ಟಿ ಬಡಿದವರನ್ನು ನಾವು ಕಂಡದ್ದು ಕಡಮೆ. ಮೂವತ್ತು ವರ್ಷ ಆರಿದ ರೊಟ್ಟಿ ಉಂಡ ತಾಯಿಯ ತಟ್ಟೆಗೆ ಪರರ ಕೈಯ ಉಬ್ಬಿದ ರೊಟ್ಟಿ ಬಂದು ಬಿದ್ದು, ಬಡಿಸುವ ಹುಡುಗ “ಇನ್ನೊಂದು ಬಿಸೀದು ಹಾಕ್ಲೇನ್ರೀ ಅವ್ವಾರ?” ಎಂದು ಕೇಳಿದರೆ, ಅದರಿಂದ ಯಾವ ಸಂಸ್ಕೃತಿಗೂ ಹಾನಿಯಿಲ್ಲ.

ಖಾನಾವಳಿಯ ಹಳೆಯ ಕಾಲವೆಲ್ಲ ಸೊಗಸಾಗಿದ್ದಿತೆಂದೂ ನಾವು ಹೇಳಲಾರೆವು. ಇಂಥ ಜಾತಿಯವರ ಖಾನಾವಳಿ, ಇಂಥವರ ಫಲಾಹಾರ ಮಂದಿರ ಎಂಬ ಹಲಗೆಗಳು ಬಾಗಿಲ ಮೇಲಿರುತ್ತಿದ್ದ ದಿನಗಳವು. ದುಡ್ಡು ಕೊಟ್ಟರೂ ಕೆಲವರಿಗೆ ಒಳಗೆ ಎಲೆಯಿರಲಿಲ್ಲ. ಬಟ್ಟಲು ಬೇರೆ, ಜಾಗ ಬೇರೆ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿದೆ. ರಾಷ್ಟ್ರದ ಮೂಲ ಶಾಸನದಲ್ಲಿ ಊಟದ ಮನೆಯ ಬಾಗಿಲಿನ ಪ್ರಸ್ತಾಪ ಬರಬೇಕಾಯಿತೆಂದ ಮೇಲೆ ಆ ಬಾಗಿಲು ಎಷ್ಟು ಬಿಗಿಯಾಗಿದ್ದಿತೆಂಬುದನ್ನು ಊಹಿಸಬಹುದು. ಶಾಸನ ಬಂದೊಡನೆ ಹಳ್ಳಿಯ ಚಹದಂಗಡಿಯ ಬಟ್ಟಲುಗಳೆಲ್ಲ ಒಂದಾಗಲಿಲ್ಲ. ಗದಗ ಜಿಲ್ಲೆಯದೇ ಆದ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿಯ ಜಾತ್ರೆಯೆಂದೇ ಹೆಸರು ಬಂದಿದೆ; ಮನೆಮನೆಯಲ್ಲಿ ಬಡಿದ ರೊಟ್ಟಿ ಒಂದೆಡೆ ಸೇರಿ, ಎಲ್ಲ ಜಾತಿಯವರೂ ಕೂಡಿ ಉಣ್ಣುವರು. ಯಾವ ರೊಟ್ಟಿ ಯಾರ ಮನೆಯದೆಂದು ಆ ರಾಶಿಯಲ್ಲಿ ಹುಡುಕುವುದು ಸಾಧ್ಯವಿಲ್ಲ.

ಕೊನೆಯದಾಗಿ, ಖಾನಾವಳಿಯ ಒಳಮನೆಯಲ್ಲಿ ರೊಟ್ಟಿ ಬಡಿಯುವವರೂ ಹೆಂಗಸರೇ ಎಂಬುದನ್ನು ಮರೆಯಲಾಗದು. ಮುಂಬಯಿಯಲ್ಲಿ ಗಿರಣಿಯ ಕೆಲಸಗಾರರಿಗೆ ಮನೆಯಲ್ಲಿಯೇ ಅಡಿಗೆ ಮಾಡಿ ಹಾಕುತ್ತಿದ್ದ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ ಎಂಬವರು ಅನ್ನಪೂರ್ಣಾ ಮಹಿಳಾ ಮಂಡಳವೆಂಬ ಸಂಸ್ಥೆಯಲ್ಲಿ ಒಂದುಗೂಡಿಸಿ, ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. ನಮ್ಮ ಕಡೆಯೂ ರೊಟ್ಟಿ ಮಾರಿ ಸಂಸಾರ ಸಾಗಿಸುವವರು ಅನೇಕರಿರುವರು; ಮದುವೆಯ ಮನೆಗಳಿಗೆ ಕಟಕ ರೊಟ್ಟಿ ನೂರರ ಲೆಕ್ಕದಲ್ಲಿ ಹೋಗುವುದು. ಅಲ್ಲಿ ಬೆಲೆಯನ್ನು ಕುರಿತು ಚೌಕಾಶಿ ಮಾಡದಿರುವುದು ಒಳ್ಳೆಯದು. ಖಾನಾವಳಿಗೆ ಹೋಗುವವರು ಸ್ವಲ್ಪ ಬೇಗನೆ ಹೋಗುವುದೂ ಲೇಸು. ಮೂರು ಗಂಟೆಗೆ, ಹಂಚು ಇಳಿಸಿ ಅವರು ತಮ್ಮ ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಹೋಗಿ, ಇನ್ನೆರಡು ಬಿಸಿರೊಟ್ಟಿ ಎಂದು ಕೂಗುವುದಕ್ಕಿಂತ ಬುಟ್ಟಿಯಲ್ಲಿರುವ ಕಟಕ ರೊಟ್ಟಿಯನ್ನೇ ಮುರಿದುಕೊಳ್ಳಬಹುದು. ಗಟ್ಟಿ ಮೊಸರೂ ಗುರೆಳ್ಳಿನ ಹಿಂಡಿಯೂ ಇದ್ದರೆ ಅದೇನೂ ಕಡಮೆಯ ಊಟವಲ್ಲ.